ಅಮೆರಿಕದ ಜಡ್ಜ್ ನಾಮಿನೇಷನ್ ಕೊನೇತನಕ ಫಾಲೋ ಮಾಡೋದು ಹೆಂಗೆ

ದಾವಣಗೆರೆ ಕೋರ್ಟ್ ಹತ್ರ ನಂದೊಂದು ಸಣ್ಣ ಟೈಪಿಂಗ್, ಜೆರಾಕ್ಸ್ ಅಂಗಡಿ ಐತೆ. ಒಂದ್ಸಲ ನಮ್ ವಾಟ್ಸಾಪ್ ಗ್ರೂಪಲ್ಲಿ ‘ಭಾರತ ಮೂಲದವರು ಅಮೆರಿಕದಲ್ಲಿ ಫೆಡರಲ್ ಜಡ್ಜ್ ಆದರು’ ಅಂತ ಒಂದು ಫಾರ್ವರ್ಡ್ ಬಂತು, ನಾನೂ ಹಿಂದೆ ಮುಂದೆ ನೋಡದೆ ಸ್ಟೇಟಸ್ ಹಾಕ್ದೆ, ಅಂಗಡಿಗೆ ಬಂದೋರಿಗೆಲ್ಲ ಪೇಡಾ ಬೇರೆ ಕೊಟ್ಟೆ. ಸಾಯಂಕಾಲ ಒಬ್ರು ಹಿರಿಯ ವಕೀಲ್ರು ವಕಾಲತ್ತು ಟೈಪ್ ಮಾಡ್ಸಕ್ಕೆ ಬಂದೋರು ಪೇಡಾ ಬಾಯಿಗೆ ಹಾಕ್ಕೊಂಡೇ ಹೇಳಿದ್ರು, ‘ಲೇ ತಮ್ಮ, ಅದು ಬರೀ ಹೆಸರು ಕಳಿಸಿರೋದು ಕಣಲೇ, ಹೆಣ್ಣು ನೋಡಕ್ಕೆ ಹೋದ ದಿನಾನೇ ಚಪ್ಪರ ಹಾಕ್ಸಿಬಿಟ್ಟೀಯಲ್ಲ’ ಅಂತ. ಆವತ್ತಿಂದ ಈ ಚಟ ಹತ್ಕೊಂತು. ಈಗ ಅಂಥ ಫಾರ್ವರ್ಡ್ ಬಂದ್ರೆ ಹತ್ತು ನಿಮಿಷದಲ್ಲಿ ಅದು ಯಾವ ಹಂತದಲ್ಲೈತೆ ಅಂತ ಹೇಳ್ತೀನಿ. ನೀವೂ ನೋಡ್ಬೋದು, ಕೇಸ್ ಸ್ಟೇಟಸ್ ನೋಡೋದಕ್ಕಿಂತ ಸುಲಭ.

ಮೊದಲು ಇಷ್ಟು ತಲೇಲಿ ಇಟ್ಕೊಳ್ರಿ. ಅಲ್ಲಿ ಫೆಡರಲ್ ಕೋರ್ಟಿಗೆ, ಅಂದ್ರೆ ಕೇಂದ್ರದ ಕೋರ್ಟಿಗೆ, ಹೆಸರು ಆರಿಸೋನು ಅಧ್ಯಕ್ಷ, ಒಪ್ಪೋದು ಬಿಡೋದು ಸೆನೆಟ್, ಅಂದ್ರೆ ಅವರ ಸಂಸತ್ತಿನ ಮೇಲ್ಮನೆ. ಅವರ ಸಂವಿಧಾನದ 2ನೇ ಆರ್ಟಿಕಲ್‌ನಲ್ಲೇ ಹಿಂಗೆ ಬರೆದೈತೆ. ಸೆನೆಟ್‌ನಲ್ಲಿ 100 ಜನ, ರಾಜ್ಯಕ್ಕೆ ಇಬ್ರು. ಒಪ್ಪಿಗೆ ಸಿಕ್ಕಿ ಜಡ್ಜ್ ಆದೋರಿಗೆ ನಮ್ಮಂಗೆ 62ಕ್ಕೆ, 65ಕ್ಕೆ ರಿಟೈರ್‌ಮೆಂಟ್ ಇಲ್ಲ, ತಾವಾಗೇ ಬಿಡೋತನಕ ಜೀವಮಾನವಿಡೀ ಕುರ್ಚಿ, ಇಲ್ಲಾಂದ್ರೆ ಮಹಾಭಿಯೋಗ ಮಾಡಿ ತೆಗೀಬೇಕು. ಅದಕ್ಕೇ ಅಷ್ಟು ಜಗ್ಗಾಟ.

ಈಗ ಕೆಲಸಕ್ಕೆ ಬರೋಣ. ಇಲ್ಲಿ ಕೇಸ್ ಹುಡುಕೋಕೆ ಸಿಎನ್‌ಆರ್ ನಂಬರ್ ಹೆಂಗೋ ಅಲ್ಲಿ ಪಿಎನ್ ನಂಬರ್ ಹಂಗೆ. ಕಾಂಗ್ರೆಸ್ ಡಾಟ್ ಗವ್ ಅಂತ ಅವರ ಸಂಸತ್ತಿನ ಸೈಟ್ ಐತೆ, ಹುಡುಕೋ ಡಬ್ಬಿ ಪಕ್ಕದಲ್ಲಿ ‘ನಾಮಿನೇಷನ್ಸ್’ ಅಂತ ಆರಿಸಿ ಹೆಸರು ಟೈಪ್ ಮಾಡಿದ್ರೆ ಪಿಎನ್ ಅಂತ ಶುರುವಾಗೋ ನಂಬರ್ ಬರ್ತದೆ. ಅದನ್ನ ಬರ್ಕೊಳ್ರಿ. ಒಳಗಡೆ ‘ಆಕ್ಷನ್ಸ್’ ಅಂತ ಇರೋ ಕಡೆ ತಾರೀಖು ಸಮೇತ ಪ್ರತಿ ಹೆಜ್ಜೆ ಇರ್ತದೆ, ಥೇಟ್ ನಮ್ ಆರ್ಡರ್ ಶೀಟ್. ಹೆಸರೇ ಸಿಗಲಿಲ್ಲ ಅಂದ್ರೆ ಅಧ್ಯಕ್ಷರು ಬಾಯಲ್ಲಿ ಘೋಷಣೆ ಮಾಡಿರಬೋದು, ಕಾಗದ ಇನ್ನೂ ಸೆನೆಟ್‌ಗೆ ಬಂದಿಲ್ಲ ಅಂತ, ಎರಡು ದಿನ ಬಿಟ್ಟು ನೋಡ್ರಿ.

ಕಾಗದ ಬಂದ್ಮೇಲೆ ಅದು ಸೆನೆಟ್‌ನ ಜುಡಿಷಿಯರಿ ಕಮಿಟಿಗೆ ಹೋಗ್ತದೆ. ಆ ಕಮಿಟಿ ಸೈಟ್‌ನಲ್ಲಿ ಅಭ್ಯರ್ಥಿ ತುಂಬಿದ ಪ್ರಶ್ನಾವಳಿ ಹಾಕಿರ್ತಾರೆ, ಅದನ್ನ ಮಾತ್ರ ಬಿಡಬೇಡ್ರಿ. ಓದಿದ್ದೆಲ್ಲಿ, ಯಾರ ಕೈಕೆಳಗೆ ಕೆಲಸ ಮಾಡಿದ್ರು, ನಡೆಸಿದ ಮುಖ್ಯವಾದ 10 ಕೇಸು ಯಾವು, ಎದುರಿಗಿದ್ದ ವಕೀಲ್ರು ಯಾರು, ಎಲ್ಲೆಲ್ಲಿ ಭಾಷಣ ಬಿಗಿದ್ರು, ಆಸ್ತಿ ಎಷ್ಟು ಸಾಲ ಎಷ್ಟು, ಎಲ್ಲಾ ಬರೀಬೇಕು. ಒಂದನ್ನ ಪ್ರಿಂಟ್ ತೆಗೀತೀನಿ ಅಂತ ಹೋಗಿ ಅರ್ಧಕ್ಕೇ ಟೋನರ್ ಖಾಲಿ ಆಯ್ತು, ನೀವು ಮೊಬೈಲಲ್ಲೇ ಓದ್ರಿ.

ಇದೇ ಟೈಮಲ್ಲಿ ಸದ್ದಿಲ್ದೆ ಇನ್ನೊಂದು ನಡೀತಿರ್ತದೆ, ಬ್ಲೂ ಸ್ಲಿಪ್ ಅಂತ. ಆ ಕೋರ್ಟ್ ಯಾವ ರಾಜ್ಯದಲ್ಲೈತೋ ಆ ರಾಜ್ಯದ ಇಬ್ರು ಸೆನೆಟರ್‌ಗಳಿಗೆ ನೀಲಿ ಕಾಗದ ಕಳಿಸಿ ನಿಮ್ಮ ಅಭಿಪ್ರಾಯ ಏನ್ರಪ್ಪಾ ಅಂತ ಕೇಳೋದು. ಕಾನೂನಲ್ಲಿಲ್ಲ, ಸಂಪ್ರದಾಯ ಅಷ್ಟೇ, ಆದ್ರೂ ಜಿಲ್ಲಾ ಮಟ್ಟದ ಫೆಡರಲ್ ಕೋರ್ಟ್ ಹೆಸರು ಆದ್ರೆ ಒಬ್ಬ ಸೆನೆಟರ್ ಆ ಕಾಗದ ವಾಪಸ್ ಕೊಡದೆ ಕೂತ್ರೆ ಸಾಕು, ಸಾಮಾನ್ಯವಾಗಿ ಫೈಲ್ ಅಲ್ಲೇ ಮಲಗ್ತದೆ. ಮೇಲ್ಮನವಿ ಕೋರ್ಟಿಗೆ ಮಾತ್ರ 2018ರಿಂದೀಚೆಗೆ ಇದನ್ನ ಲೆಕ್ಕಕ್ಕೆ ಇಡ್ತಿಲ್ಲ. ವಾಷಿಂಗ್ಟನ್ ಡಿ.ಸಿ.ಗೆ ಸೆನೆಟರೇ ಇಲ್ಲ, ಹಂಗಾಗಿ ಅಲ್ಲಿನ ಕೋರ್ಟಿಗೆ ಈ ಕಾಟ ಇಲ್ಲ. ತಿಂಗಳುಗಟ್ಟಲೆ ಆಕ್ಷನ್ಸ್‌ನಲ್ಲಿ ಒಂದು ಗೆರೇನೂ ಸೇರಲಿಲ್ಲ ಅಂದ್ರೆ ಮೊದಲು ಆ ಇಬ್ರು ಸೆನೆಟರ್ ಯಾವ ಪಾರ್ಟಿ ಅಂತ ನೋಡ್ರಿ.

ಆಮೇಲೆ ಹಿಯರಿಂಗ್. ಇದು ನೋಡೋಕೇ ಚೆಂದ. ಸಾಮಾನ್ಯವಾಗಿ ಅಲ್ಲಿ ಬೆಳಿಗ್ಗೆ 10ಕ್ಕೆ ಶುರು, ಅಂದ್ರೆ ನಮಗೆ ಬೇಸಿಗೇಲಿ ರಾತ್ರಿ 7:30, ಚಳಿಗಾಲದಲ್ಲಿ 8:30. ಅಂಗಡಿ ಶಟರ್ ಎಳೆದು ಮಂಡಕ್ಕಿ ಮಿರ್ಚಿ ಕಟ್ಟಿಸ್ಕೊಂಡು ಕೂರೋಕೆ ಹೇಳಿ ಮಾಡಿಸಿದ ಟೈಮು. ಕಮಿಟಿ ಸೈಟಲ್ಲೇ ಲೈವ್ ಬರ್ತದೆ, ಆಮೇಲೆ ರೆಕಾರ್ಡಿಂಗೂ ಇರ್ತದೆ. ಮೇಲ್ಮನವಿ ಕೋರ್ಟಿನೋರನ್ನ ಮೊದಲು ಕೂರಿಸ್ತಾರೆ, ಜಿಲ್ಲಾ ಕೋರ್ಟಿನೋರನ್ನ ಆಮೇಲೆ ನಾಲ್ಕೈದು ಜನ ಸಾಲಾಗಿ. ಒಬ್ಬೊಬ್ಬ ಸೆನೆಟರ್‌ಗೆ ಸುಮಾರು 5 ನಿಮಿಷ.

ಹೊಸಬರು 2017ರ ಡಿಸೆಂಬರ್‌ನ ಒಂದು ಹಿಯರಿಂಗ್ ವಿಡಿಯೋ ಹುಡುಕಿ ನೋಡ್ರಿ. ಲೂಸಿಯಾನದ ಸೆನೆಟರ್ ಜಾನ್ ಕೆನಡಿ ಸಾಲಾಗಿ ಕೂತ ಐದು ಜನಕ್ಕೆ ‘ಯಾವತ್ತೂ ಒಂದು ಕೇಸ್ ವಿಚಾರಣೆ ನಡೆಸದೇ ಇರೋರು ಇದ್ದೀರಾ’ ಅಂತ ಕೇಳ್ತಾನೆ, ಮ್ಯಾಥ್ಯೂ ಪೀಟರ್ಸನ್ ಅನ್ನೋರು ಒಬ್ರೇ ಸಿಕ್ಕಿಬೀಳ್ತಾರೆ. ಜ್ಯೂರಿ ಮುಂದೆ? ಇಲ್ಲ. ಸಿವಿಲ್? ಇಲ್ಲ. ಕ್ರಿಮಿನಲ್? ಇಲ್ಲ. ಸಾಕ್ಷ್ಯ ತಡೆಯೋಕೆ ಹಾಕೋ ಒಂದು ಮಾಮೂಲಿ ಅರ್ಜಿ ಬಗ್ಗೆ ಕೇಳಿದ್ರೂ ಸರಿಯಾಗಿ ವಿವರಿಸಕ್ಕೆ ಆಗಲಿಲ್ಲ. ಕೆನಡಿ ದನಿ ಏರಿಸಲ್ಲ ಬೈಯಲ್ಲ, ನಮ್ ಕೋರ್ಟಲ್ಲಿ ಹಳೇ ಹುಲಿಗಳು ಪಾಟೀಸವಾಲು ಮಾಡಿದಂಗೇ ಮೆತ್ತಗೆ ಒಂದೊಂದೇ ಕೇಳೋದು. ಹೆಸರು ಕಳಿಸಿದ ಅಧ್ಯಕ್ಷನೂ ಕೆನಡಿನೂ ಒಂದೇ ಪಾರ್ಟಿ ಬೇರೆ. ಕೆಲವೇ ದಿನಕ್ಕೆ ಪೀಟರ್ಸನ್ ತಾವೇ ಹಿಂದೆ ಸರಿದ್ರು. ನಮ್ಮಲ್ಲಿ ಜಡ್ಜ್‌ಗಳೇ ಹೊಸ ಜಡ್ಜ್‌ಗಳ ಹೆಸರು ಆರಿಸೋ ಕೊಲಿಜಿಯಂ ಒಳಗೆ ಏನು ಮಾತಾಡ್ತಾರೋ ನಮಗೇನು ಕಾಣ್ತದೆ, ಆದ್ರೆ ಟೀವಿ ಮುಂದೆ ಹಿಂಗೆ ಕುಟ್ಟೋದು ಸರೀನಾ ಅಂದ್ರೆ ಅದಕ್ಕೂ ನಾನು ಪೂರ್ತಿ ಒಪ್ಪಲ್ಲ, ಎಷ್ಟೋ ಸೆನೆಟರ್‌ಗಳು ಕೇಳೋದು ಉತ್ತರಕ್ಕಲ್ಲ, ಕ್ಯಾಮೆರಾಕ್ಕೆ.

ಹಿಯರಿಂಗ್ ಮುಗಿದ್ಮೇಲೆ ಬರಹದಲ್ಲಿ ಪ್ರಶ್ನೆ ಕಳಿಸ್ತಾರೆ, ಉತ್ತರ ಬರ್ತದೆ. ಆಮೇಲೆ ಕಮಿಟಿ ಅಜೆಂಡಾದಲ್ಲಿ ಹೆಸರು ಬಂತು ಅಂತ ಆವತ್ತೇ ರಿಸಲ್ಟ್ ಕಾಯಬೇಡ್ರಿ, ಮೊದಲ ಸಲ ಬಂದಾಗ ಯಾವ ಮೆಂಬರ್ ಬೇಕಾದ್ರೂ ಒಂದು ವಾರ ಮುಂದಕ್ಕೆ ಹಾಕ್ಸಬೋದು, ಹಾಕ್ಸೇ ಹಾಕ್ಸ್ತಾರೆ. ‘ಹೆಲ್ಡ್ ಓವರ್’ ಅಂತಾರೆ, ನಮ್ ಭಾಷೇಲಿ ವಾಯಿದೆ. ಮುಂದಿನ ವಾರ ಮತ. ಪಾಸಾದ್ರೆ ‘ಎಕ್ಸಿಕ್ಯೂಟಿವ್ ಕ್ಯಾಲೆಂಡರ್’ಗೆ ಏರ್ತದೆ, ಅಂದ್ರೆ ಇಡೀ ಸೆನೆಟ್ ಮುಂದಿನ ಸಾಲಿಗೆ.

ಎಲ್ಲರೂ ಎಡವೋದು ಇಲ್ಲೇ. ಸೆನೆಟ್‌ನಲ್ಲಿ ಎರಡು ಮತ ನಡೀತವೆ. ಮೊದಲನೇದು ಕ್ಲೋಚರ್, ಅಂದ್ರೆ ‘ಮಾತು ಸಾಕು, ಮತಕ್ಕೆ ಹಾಕ್ರಿ’ ಅನ್ನೋದಕ್ಕೇ ಒಂದು ಮತ. ಅದು ಗೆದ್ದ ತಕ್ಷಣ ‘ಜಡ್ಜ್ ಆದರು’ ಅಂತ ಫಾರ್ವರ್ಡ್ ಹಾರ್ತವೆ. ಅದಾದ್ಮೇಲೂ ಚರ್ಚೆಗೆ ಟೈಮ್ ಇರ್ತದೆ, ಜಿಲ್ಲಾ ಕೋರ್ಟ್ ಹೆಸರಿಗೆ 2019ರಿಂದ 2 ಗಂಟೆ, ಮೇಲ್ಮನವಿ ಮತ್ತು ಸುಪ್ರೀಂ ಕೋರ್ಟ್‌ಗೆ 30 ಗಂಟೆ. ಆಮೇಲೆ ಅಸಲಿ ಮತ. ಸೆನೆಟ್ ಸೈಟಲ್ಲಿ ಮತದ ಪಟ್ಟಿ ತೆಗೆದಾಗ ಮೇಲೆ ‘ಆನ್ ದಿ ಕ್ಲೋಚರ್ ಮೋಷನ್’ ಅಂತಿದ್ರೆ ಇನ್ನೂ ಕಾಯ್ರಿ, ‘ಆನ್ ದಿ ನಾಮಿನೇಷನ್’ ಅಂತಿದ್ರೆ ಮಾತ್ರ ಫೈನಲ್. ಮೊದಲೆಲ್ಲ ಕ್ಲೋಚರ್‌ಗೆ 60 ಮತ ಬೇಕಿತ್ತು, 2013ರ ನವೆಂಬರ್‌ನಲ್ಲಿ ಕೆಳಗಿನ ಕೋರ್ಟುಗಳಿಗೆ, 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿಗೂ ಬರೀ ಬಹುಮತ ಸಾಕು ಅಂತ ಮಾಡ್ಕೊಂಡ್ರು. ಸಮ ಸಮ ಬಂದ್ರೆ ಉಪಾಧ್ಯಕ್ಷರ ಮತ. ಅಲ್ಲಿ ಸಂಜೆ 5:30ಕ್ಕೆ ಮತ ಇಟ್ರೆ ನಮಗೆ ಬೇಸಿಗೇಲಿ ಬೆಳಗಿನ ಜಾವ 3 ಗಂಟೆ, ಚಳಿಗಾಲದಲ್ಲಿ 4, ಅದಕ್ಕೆಲ್ಲ ನಿದ್ದೆಗೆಡಬೇಡ್ರಿ, ಬೆಳಿಗ್ಗೆ ಬೆಣ್ಣೆ ದೋಸೆ ತಿಂತಾ ನೋಡಿದ್ರೂ ಅಂಕಿ ಅಲ್ಲೇ ಇರ್ತದೆ.

‘ರಿಟರ್ನ್ಡ್ ಟು ದಿ ಪ್ರೆಸಿಡೆಂಟ್’ ಅಂತ ಕಂಡ್ರೆ ಸೋತ್ರು ಅಂತಲ್ಲ. ಸೆನೆಟ್ ಅಧಿವೇಶನ ಮುಗಿಯೋ ಹೊತ್ತಿಗೆ ತೀರ್ಮಾನ ಆಗದ ಹೆಸರು ಸಾಮಾನ್ಯವಾಗಿ ವಾಪಸ್ ಹೋಗ್ತವೆ, ಅಧ್ಯಕ್ಷರು ಮತ್ತೆ ಕಳಿಸಬೇಕು, ಆಗ ಪಿಎನ್ ನಂಬರೂ ಹೊಸದು. ಚಂಡೀಗಢದಲ್ಲಿ ಹುಟ್ಟಿದ ಶ್ರೀ ಶ್ರೀನಿವಾಸನ್ ಹೆಸರು 2012ರ ಜೂನ್‌ನಲ್ಲಿ ಹೋಗಿ, ವಾಪಸ್ ಬಂದು, 2013ರ ಜನವರೀಲಿ ಮತ್ತೆ ಹೋಗಿ, ಮೇ 23ಕ್ಕೆ 97-0 ಅಂತ ಪಾಸಾಯ್ತು. ಹಳೇ ನಂಬರ್ ಹಿಡ್ಕೊಂಡು ಕೂತೋನಿಗೆ ಅದು ಗೊತ್ತೇ ಆಗ್ತಿರ್ಲಿಲ್ಲ.

ಕೈ ಪಳಗಿಸ್ಕೊಳ್ಳೋಕೆ ಕೇತಾಂಜಿ ಬ್ರೌನ್ ಜಾಕ್ಸನ್ ಅವರ 2022ರ ಸುಪ್ರೀಂ ಕೋರ್ಟ್ ನಾಮಿನೇಷನ್ ತೆಗೀರಿ. ಏಪ್ರಿಲ್ 4ಕ್ಕೆ ಕಮಿಟೀಲಿ 11-11 ಸಮ, ಹಂಗಾಗಿ ಫೈಲ್ ಹೊರಗೆ ತರೋಕೇ ಇಡೀ ಸೆನೆಟ್ ಬೇರೆ ಮತ ಹಾಕ್ತು, ಏಪ್ರಿಲ್ 7ಕ್ಕೆ 53-47 ಅಂತ ಒಪ್ಪಿಗೆ. ಆದ್ರೆ ಪ್ರಮಾಣವಚನ ತಗೊಂಡಿದ್ದು ಜೂನ್ 30ಕ್ಕೆ, ಯಾಕಂದ್ರೆ ಹಳಬರು ಸ್ಟೀಫನ್ ಬ್ರೇಯರ್ ಕುರ್ಚಿ ಬಿಟ್ಟಿದ್ದೇ ಆವತ್ತು. ಸೆನೆಟ್ ಒಪ್ಪಿದ್ಮೇಲೂ ಅಧ್ಯಕ್ಷರು ಕಮಿಷನ್ ಪತ್ರಕ್ಕೆ ಸಹಿ ಹಾಕ್ಬೇಕು, ಪ್ರಮಾಣ ಆಗ್ಬೇಕು. ಫೆಡರಲ್ ಜುಡಿಷಿಯಲ್ ಸೆಂಟರ್ ಅನ್ನೋ ಸೈಟಲ್ಲಿ ಜಡ್ಜ್‌ಗಳ ಹೆಸರಿನ ಪುಟ ಇರ್ತದೆ, ಅದರಲ್ಲಿ ಕಮಿಷನ್ ತಾರೀಖು ಬಿತ್ತು ಅಂದ್ರೆ ಪೇಡಾ ತರಿಸ್ರಿ.