ಕೆಟ್ಟ ಫೋಟೋವನ್ನು ಅಳಿಸುವ ಮುಂಚೆ

ನನ್ನ ಮಗಳು ಮನೆ ಮುಂದೆ ಸ್ಕಿಪ್ಪಿಂಗ್ ಆಡುತ್ತಿದ್ದಳು. ಸಂಜೆ ಹೊತ್ತು, ಬೆಳಕು ಇಳಿಯುತ್ತಾ ಇತ್ತು. ಅರ್ಧ ಗಂಟೆಯಲ್ಲಿ ಇನ್ನೂರಕ್ಕೂ ಜಾಸ್ತಿ ಫೋಟೋ ತೆಗೆದೆ. ರಾತ್ರಿ ಕಂಪ್ಯೂಟರ್‌ಗೆ ಹಾಕಿ ನೋಡಿದರೆ ಒಂದರಲ್ಲೂ ಅವಳು ನೆಟ್ಟಗೆ ಬಂದಿರಲಿಲ್ಲ. ಲೆನ್ಸ್ ಸರಿಯಿಲ್ಲ ಅಂತ ತೀರ್ಮಾನ ಮಾಡಿದೆ. ಹೊಸದು ಯಾವುದು ತಗೊಳ್ಳಲಿ ಅಂತ ಎರಡು ವಾರ ಹುಡುಕಿದೆ.

ಆಮೇಲೊಂದು ದಿನ ಅದರಲ್ಲಿ ಒಂದು ಫೋಟೋವನ್ನು ಅದರ ಪೂರ್ತಿ ಗಾತ್ರಕ್ಕೆ (100%) ದೊಡ್ಡದು ಮಾಡಿ, ಮೂಲೆಯಿಂದ ಮೂಲೆಗೆ ನಿಧಾನವಾಗಿ ನೋಡುತ್ತಾ ಹೋದೆ. ಆಟಕ್ಕೆ ಮುಂಚೆ ಅವಳು ಬಿಚ್ಚಿಟ್ಟ ಚಪ್ಪಲಿ ಅವಳ ಕಾಲ ಪಕ್ಕದಲ್ಲೇ ಇತ್ತು. ಅದರ ಪಟ್ಟಿಯ ಹೊಲಿಗೆಯನ್ನು ಒಂದೊಂದಾಗಿ ಎಣಿಸಬಹುದಿತ್ತು, ಅಷ್ಟು ಶಾರ್ಪ್. ಅದೇ ದೂರದಲ್ಲಿದ್ದ ಅವಳ ಕಾಲು ಮಾತ್ರ ಮೇಲಿಂದ ಕೆಳಕ್ಕೆ ಗೀಚಿದ ಹಾಗಿತ್ತು. ಅಂದರೆ ಲೆನ್ಸ್ ಚೆನ್ನಾಗಿದೆ, ಫೋಕಸ್ ಕೂಡ ಸರಿಯಾಗಿ ಕೂತಿದೆ. ಶಟರ್ ಸ್ಪೀಡ್, ಅಂದರೆ ಫೋಟೋ ತೆಗೆಯುವಾಗ ಶಟರ್ ತೆರೆದಿದ್ದ ಹೊತ್ತು, ಎಷ್ಟಿತ್ತು ಅಂತ ನೋಡಿದೆ: 1/60 ಸೆಕೆಂಡ್. ಹಾರಿ ಹಾರಿ ಆಡುವ ಮಗುವಿಗೆ ಅದು ಎಲ್ಲಿ ಸಾಕಾಗುತ್ತದೆ?

ಹವ್ಯಾಸಕ್ಕೆ ಫೋಟೋ ತೆಗೆಯುವ ನಮಗೆ ದೊಡ್ಡ ತೊಡಕು ಇದೇ ಅಂತ ನನಗನ್ನಿಸುತ್ತದೆ. ಫೋಟೋ ಚೆನ್ನಾಗಿ ಬಂದಿಲ್ಲ ಅಂತ ಗೊತ್ತಾಗುತ್ತದೆ. ಯಾಕೆ ಅಂತ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ನಿಂತು ಹೇಳಿಕೊಡುವವರು ಯಾರೂ ಇರುವುದಿಲ್ಲ. ಕೆಟ್ಟದ್ದನ್ನೆಲ್ಲ ಅಳಿಸಿಬಿಡುತ್ತೇವೆ, ಮುಂದಿನ ರಜೆಯಲ್ಲಿ ಅದೇ ತಪ್ಪನ್ನು ಮತ್ತೆ ಇನ್ನೂರು ಸಲ ಮಾಡುತ್ತೇವೆ. ಕೆಟ್ಟ ಫೋಟೋವನ್ನು ಕೂತು ಓದುವುದಕ್ಕೆ ಶುರು ಮಾಡಿದ ಮೇಲೆಯೇ ನನ್ನ ಕೈ ಸುಧಾರಿಸಿದ್ದು. ಅದನ್ನು ಹೇಗೆ ಮಾಡುತ್ತೇನೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಸುಕಿನ ವಿಷಯ. ಮಸುಕಿನಲ್ಲಿ ಮೂರು ಬಗೆ ಇದೆ. ನೋಡುವುದಕ್ಕೆ ಒಂದೇ ಥರ ಕಂಡರೂ ಮೂರಕ್ಕೂ ಮದ್ದು ಬೇರೆ ಬೇರೆ. ನಿಂತ ವಸ್ತುವೆಲ್ಲ ಶಾರ್ಪ್ ಆಗಿದ್ದು, ಓಡಾಡುವುದು ಮಾತ್ರ ಮಸುಕಾಗಿದ್ದರೆ ಶಟರ್ ಸ್ಪೀಡ್ ಸಾಲಲಿಲ್ಲ ಅಂತ ಅರ್ಥ. ಆಡುವ ಮಕ್ಕಳಿಗೆ ನಾನು 1/500ಕ್ಕಿಂತ ಕೆಳಗೆ ಇಳಿಯುವುದಿಲ್ಲ. 1/60ರಿಂದ 1/500ಕ್ಕೆ ಹೋದರೆ ಮೂರು ಸ್ಟಾಪ್ ಬೆಳಕು ಕಡಿಮೆಯಾಗುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಆಗಲೇ ಪೂರ್ತಿ ತೆರೆದಿದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400 ಇದ್ದದ್ದನ್ನು 3200ಕ್ಕೆ ಏರಿಸಬೇಕು. ಇಲ್ಲೇ ಎಲ್ಲರೂ ಹಿಂಜರಿಯುವುದು, ನಾಯ್ಸ್ ಬರುತ್ತದಲ್ಲ ಅಂತ. ಬರಲಿ ಬಿಡಿ. ಸ್ವಲ್ಪ ಕಾಳು ಕಾಳಾಗಿ ಕಂಡರೂ ಮಗುವಿನ ನಗು ಫೋಟೋದಲ್ಲಿ ಉಳಿಯುತ್ತದೆ. ಮಸುಕಾದ ನಗುವನ್ನು ಆಮೇಲೆ ಮೊದಲಿನ ಹಾಗೆ ಮಾಡುವುದಕ್ಕೆ ಆಗುವುದಿಲ್ಲ.

ಇಡೀ ಫೋಟೋ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಅಲುಗಿದ್ದು ನಿಮ್ಮ ಕೈ. ಇದನ್ನು ಪತ್ತೆ ಮಾಡುವುದು ಸುಲಭ. ಫೋಟೋದಲ್ಲಿ ಎಲ್ಲಾದರೂ ಹೊಳೆಯುವ ಚುಕ್ಕಿ ಹುಡುಕಿ: ದೂರದ ಬಲ್ಬು, ಪಾತ್ರೆಯ ಮೇಲಿನ ಮಿಂಚು, ಕನ್ನಡಕದ ಹೊಳಪು. ಅದು ಚುಕ್ಕಿಯಾಗಿರದೆ ಪುಟ್ಟ ಗೆರೆಯಾಗಿದ್ದರೆ, ಎಲ್ಲ ಚುಕ್ಕಿಗಳೂ ಒಂದೇ ಕಡೆಗೆ ಗೆರೆ ಎಳೆದಿದ್ದರೆ, ಅನುಮಾನವೇ ಬೇಡ. 50 ಎಂಎಂ ಲೆನ್ಸಿಗೆ 1/50, 200 ಎಂಎಂ ಲೆನ್ಸಿಗೆ 1/200 ಸೆಕೆಂಡ್ ಆದರೂ ಇರಬೇಕು ಅನ್ನುವುದು ಹಳೆಯ ಲೆಕ್ಕ. ಕ್ಯಾಮೆರಾದ ಸೆನ್ಸರ್ (ಬೆಳಕನ್ನು ಹಿಡಿಯುವ ಭಾಗ) ಚಿಕ್ಕದಾಗಿದ್ದು, ಕ್ರಾಪ್ ಫ್ಯಾಕ್ಟರ್, ಅಂದರೆ ಫುಲ್ ಫ್ರೇಮ್ ಅನ್ನುವ ದೊಡ್ಡ ಸೆನ್ಸರಿಗಿಂತ ಅದು ಎಷ್ಟು ಪಟ್ಟು ಚಿಕ್ಕದು ಅನ್ನುವ ಲೆಕ್ಕ, 1.5 ಇದ್ದರೆ ಲೆನ್ಸಿನ ಎಂಎಂ ಅಂಕಿಯನ್ನು ಅದರಿಂದ ಗುಣಿಸಿ. ಆಗ 50 ಎಂಎಂಗೆ 1/80 ಇಟ್ಟುಕೊಳ್ಳಿ. ಒಂದು ಮಾತು ನೆನಪಿರಲಿ. ಲೆನ್ಸಿನಲ್ಲೋ ಕ್ಯಾಮೆರಾದಲ್ಲೋ ಇರುವ ಸ್ಟೆಬಿಲೈಸೇಶನ್ ನಿಮ್ಮ ಕೈನಡುಕವನ್ನು ತಡೆಯುತ್ತದೆ. ಎದುರಿಗೆ ಹಾರುವ ಮಗುವನ್ನು ಅದು ನಿಲ್ಲಿಸುವುದಿಲ್ಲ. ನಾನು ಇದನ್ನು ತುಂಬಾ ದಿನ ತಪ್ಪಾಗಿ ತಿಳಿದುಕೊಂಡಿದ್ದೆ.

ಮೂರನೆಯದು ಫೋಕಸ್ ತಪ್ಪಿದ್ದು. ಇದರಲ್ಲಿ ಮುಖ ಮಸುಕಾಗಿರುತ್ತದೆ, ಆದರೆ ಕಿವಿಯೋಲೆಯೋ ಹಿಂದಿನ ಗೋಡೆಯೋ ಶಾರ್ಪ್ ಆಗಿರುತ್ತದೆ. ಎಫ್/1.8 ಲೆನ್ಸ್ (ಎಫ್ ಅಂಕಿ ಚಿಕ್ಕದಾದಷ್ಟೂ ಅಪರ್ಚರ್ ದೊಡ್ಡದು, ಶಾರ್ಪ್ ಆಗುವ ಜಾಗ ಕಡಿಮೆ) ಕೈಗೆ ಬಂದ ಹೊಸದರಲ್ಲಿ ಇದು ಜಾಸ್ತಿ ಆಗುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್ ಇಟ್ಟು, ಒಂದು ಮೀಟರ್ ದೂರದಿಂದ ಎಫ್/1.8ರಲ್ಲಿ ತೆಗೆದರೆ ಶಾರ್ಪ್ ಆಗಿ ಬರುವ ಜಾಗ ಹೆಚ್ಚುಕಡಿಮೆ 4 ಸೆಂಟಿಮೀಟರ್ ಅಷ್ಟೇ. ಫೋಕಸ್ ಮಾಡಿದ ಮೇಲೆ ನೀವು ಉಸಿರೆಳೆದು ಸ್ವಲ್ಪ ಮುಂದಕ್ಕೆ ಬಾಗಿದರೂ ಅದು ಕಣ್ಣಿನಿಂದ ಕಿವಿಗೆ ಜಾರುತ್ತದೆ. ಎಫ್/2.8 ಅಥವಾ ಎಫ್/4 ಇಡಿ. ನಿಮಗೆ ಹತ್ತಿರದ ಕಣ್ಣಿನ ಮೇಲೆ ಫೋಕಸ್ ಮಾಡಿ. ಎದುರಿನವರು ಅಲ್ಲಾಡುತ್ತಿದ್ದರೆ ಎಡೆಬಿಡದೆ ಫೋಕಸ್ ಮಾಡುವ ಮೋಡ್‌ಗೆ ಹೋಗಿ. ನಿಕಾನ್, ಸೋನಿಯಲ್ಲಿ ಅದಕ್ಕೆ ಎಎಫ್-ಸಿ ಅಂತಾರೆ, ಕ್ಯಾನನ್‌ನಲ್ಲಿ ಸರ್ವೋ.

ಬೆಳಕಿನ ಅಳತೆ ಕೈಕೊಡುವುದು ಇನ್ನೊಂದು ತೊಡಕು. ಇದಕ್ಕೆ ಒಂದು ಪ್ರಯೋಗ ಹೇಳುತ್ತೇನೆ, ಇವತ್ತು ರಾತ್ರಿಯೇ ಮಾಡಿ. ಕ್ಯಾಮೆರಾವನ್ನು ಆಟೋ ಮೋಡಿನಲ್ಲಿಟ್ಟು, ಬಿಳಿ ಹಾಳೆಯೊಂದನ್ನು ಫ್ರೇಮ್ ತುಂಬಾ ಬರುವ ಹಾಗೆ ತೆಗೆಯಿರಿ. ಆಮೇಲೆ ಅದೇ ಜಾಗದಲ್ಲಿ ಕಪ್ಪು ಬಟ್ಟೆ ಇಟ್ಟು ತೆಗೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಬೂದು ಬಣ್ಣ! ಎದುರಿಗಿರುವುದು ಬಿಳಿಯೋ ಕಪ್ಪೋ ಅಂತ ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್‌ಗೆ ತಿಳಿಯುವುದಿಲ್ಲ. ಎಲ್ಲವನ್ನೂ ನಡು ಬೂದಿಗೆ ತಂದು ನಿಲ್ಲಿಸುತ್ತದೆ. ಹಾಗಾಗಿ ಬಿಳಿ ಗೋಡೆ, ಬಿಳಿ ಬಟ್ಟೆ ಜಾಸ್ತಿ ಇದ್ದರೆ ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಮೀಟರ್ ಹೇಳಿದ್ದಕ್ಕಿಂತ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) +1 ಮಾಡಿ, ಕಪ್ಪು ಜಾಸ್ತಿ ಇದ್ದರೆ −1. ಕೇಳಿದವರಿಗೆ ತಲೆ ಗೊಂದಲವಾಗುತ್ತದೆ, ಬಿಳಿಗೆ ಯಾಕೆ ಇನ್ನೂ ಬೆಳಕು ಕೊಡಬೇಕು ಅಂತ. ಆ ಬೂದು ಹಾಳೆಯನ್ನು ಒಮ್ಮೆ ಕಣ್ಣಾರೆ ನೋಡಿದರೆ ಮತ್ತೆ ಕೇಳುವುದಿಲ್ಲ. ಮೊಬೈಲಿನಲ್ಲೂ ಇದೇ ಕತೆ. ಪರದೆಯನ್ನು ಮುಟ್ಟಿ ಫೋಕಸ್ ಮಾಡಿ, ಅಲ್ಲೇ ಕಾಣುವ ಬೆಳಕಿನ ಗುರುತನ್ನು ಮೇಲೆ ಕೆಳಗೆ ಜಾರಿಸಿ ಸರಿಮಾಡಬಹುದು.

ಮಾಮೂಲಿ ಜೆಪೆಗ್ ಫೋಟೋದ ಬದಲು ರಾ ಫೈಲ್, ಅಂದರೆ ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೈಲ್, ತೆಗೆದರೆ ಆಮೇಲೆ ತಿದ್ದುವುದು ಸಲೀಸು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಬೆಳಕಿನ 256 ಮೆಟ್ಟಿಲು, 14 ಬಿಟ್ ರಾ ಫೈಲಿನಲ್ಲಿ 16,384. ಆದರೂ ಪೂರ್ತಿ ಬೆಳ್ಳಗೆ ಸುಟ್ಟುಹೋದ ಆಕಾಶ ರಾ ಫೈಲಿನಿಂದಲೂ ವಾಪಸ್ ಬರುವುದಿಲ್ಲ.

ಇಷ್ಟೆಲ್ಲ ಸರಿಹೋದ ಮೇಲೆ ಬರುವ ಕಷ್ಟ ನಿಜಕ್ಕೂ ಬೇಸರದ್ದು. ಫೋಟೋ ಶಾರ್ಪ್ ಇದೆ, ಬೆಳಕು ಸರಿ ಇದೆ, ಆದರೂ ಮನಸ್ಸಿಗೆ ತಾಗುವುದಿಲ್ಲ. ನನಗೆ ಇದು ಮೂರನೇ ವರ್ಷದಲ್ಲಿ ಬಂತು. ಸುಮಾರು ಆರು ತಿಂಗಳು ಕ್ಯಾಮೆರಾ ಚೀಲದಿಂದ ಹೊರಗೇ ಬರಲಿಲ್ಲ.

ಅದರಿಂದ ನನ್ನನ್ನು ಎಬ್ಬಿಸಿದ್ದು ಅಮ್ಮನ ಫೋಟೋ. ಕಿಟಕಿ ಹತ್ತಿರ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ತೆಗೆದು ಅಕ್ಕನಿಗೆ ಕಳಿಸಿದೆ. ಚೆನ್ನಾಗಿದೆಯಾ ಅಂತ ಕೇಳಲಿಲ್ಲ, ಹಾಗೆ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ, ಅಲ್ವಾ? "ನಿನ್ನ ಕಣ್ಣು ಮೊದಲು ಎಲ್ಲಿಗೆ ಹೋಯಿತು?" ಅಂತ ಕೇಳಿದೆ. "ಕ್ಯಾಲೆಂಡರ್‌ಗೆ" ಅಂದಳು. ಅಮ್ಮನ ತಲೆಯ ಹಿಂದೆ ಕ್ಯಾಲೆಂಡರಿನ ಕೆಂಪು ಅಂಕಿಗಳಿದ್ದವು. ತೆಗೆಯುವಾಗ ನನಗೆ ಅದು ಕಂಡೇ ಇರಲಿಲ್ಲ, ನಾನು ಅಮ್ಮನ ಬೆರಳನ್ನಷ್ಟೇ ನೋಡುತ್ತಿದ್ದೆ. ಮಾರನೇ ದಿನ ಅದೇ ಹೊತ್ತಿಗೆ ಎಡಕ್ಕೆ ಎರಡು ಹೆಜ್ಜೆ ಸರಿದು ನಿಂತೆ. ಕ್ಯಾಲೆಂಡರ್ ಹೋಯಿತು, ಹಿಂದೆ ಬರೀ ನೆರಳು. ಉರಿಯುತ್ತಿದ್ದ ಬಲ್ಬನ್ನೂ ಆರಿಸಿದೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ: ಹಗಲಿನ ಬೆಳಕು ಹೆಚ್ಚುಕಡಿಮೆ 5500 ಕೆಲ್ವಿನ್, ಹಳದಿ ಬಲ್ಬಿನದು 2700ರ ಸುಮಾರು. ಎರಡೂ ಸೇರಿದರೆ ಮುಖದ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳದಿ. ಯಾವ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಬಿಳಿಯನ್ನು ಬಿಳಿಯಾಗಿಸುವ ಸೆಟ್ಟಿಂಗ್) ಇಟ್ಟರೂ ಎರಡು ಕಡೆಯೂ ಒಟ್ಟಿಗೆ ಸರಿಯಾಗುವುದಿಲ್ಲ. ಬಲ್ಬು ಆರಿದ ಮೇಲೆ ಕಿಟಕಿಯ ಬೆಳಕು ಮಾತ್ರ ಉಳಿಯಿತು. ಅಮ್ಮನ ಬೆರಳ ತುದಿಯ ಗೆರೆಗಳು, ಸೂಜಿಯ ಕಣ್ಣು, ಅದರ ಮುಂದೆ ನಡುಗುತ್ತಿದ್ದ ದಾರದ ತುದಿ ಎಲ್ಲ ಎದ್ದು ಕಂಡವು.

ಈಗ ಶಟರ್ ಒತ್ತುವ ಮುಂಚೆ ಫ್ರೇಮಿನ ನಾಲ್ಕೂ ಅಂಚನ್ನು ಒಂದು ಸುತ್ತು ನೋಡುತ್ತೇನೆ. ಎರಡು ಸೆಕೆಂಡಿನ ಕೆಲಸ. ಇದನ್ನು ಬೇಗ ರೂಢಿ ಮಾಡಿಕೊಳ್ಳುವುದಕ್ಕೆ ಒಂದು ತಿಂಗಳು ಝೂಮ್ ಬದಲಿಸದೆ ಒಂದೇ ಫೋಕಲ್ ಲೆಂತ್‌ನಲ್ಲಿ ತೆಗೆಯಿರಿ. ಝೂಮ್ ಲೆನ್ಸ್ ಇದ್ದರೆ 35 ಎಂಎಂಗೆ ಇಟ್ಟು ಟೇಪ್ ಹಚ್ಚಿಬಿಡಿ. ಝೂಮ್ ತಿರುಗಿಸುವುದಕ್ಕೆ ಆಗದಿದ್ದಾಗ ಕಾಲು ಎದ್ದು ನಡೆಯುತ್ತದೆ, ನಡೆದಾಗ ಹಿನ್ನೆಲೆ ಬದಲಾಗುವುದು ಕಣ್ಣಿಗೆ ಬೀಳುತ್ತದೆ.

ಟೈಮ್ ಇಲ್ಲ ಅನ್ನುವವರಿಗೆ ನನ್ನ ಸಲಹೆ ಇಷ್ಟು. ತಿಂಗಳಿಗೊಂದು ಇಡೀ ದಿನಕ್ಕಾಗಿ ಕಾಯಬೇಡಿ. ವಾರಕ್ಕೆ ಮೂರು ಸಲ ಇಪ್ಪತ್ತು ನಿಮಿಷ ಸಾಕು. ಆದರೆ ಒಂದು ಸಲಕ್ಕೆ ಒಂದೇ ವಿಷಯ: ಇವತ್ತು ಕಿಟಕಿ ಬೆಳಕು, ನಾಳಿದ್ದು ಓಡುವ ನಾಯಿ.

ತೆಗೆದ ದಿನವೇ ಆರಿಸುವುದಕ್ಕೂ ಕೂರಬೇಡಿ. ಅವತ್ತು ಆ ಕ್ಷಣದ ಖುಷಿ ಇನ್ನೂ ತಲೆಯಲ್ಲಿರುತ್ತದೆ, ಫೋಟೋದಲ್ಲಿ ಇಲ್ಲದ್ದೂ ಕಾಣುತ್ತದೆ. ನಾನು ಒಂದು ವಾರ ಬಿಟ್ಟು ನೋಡುತ್ತೇನೆ. ಐದು ಒಳ್ಳೆಯದನ್ನು ಆರಿಸುತ್ತೇನೆ, ಜೊತೆಗೆ ಮೂರು ಕೆಟ್ಟದ್ದನ್ನೂ ಆರಿಸುತ್ತೇನೆ. ಆ ಮೂರಕ್ಕೂ ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲು ಬರೆಯುತ್ತೇನೆ. ಮೊದಲ ಪುಟದಲ್ಲಿ ಹೀಗಿದೆ: "1/60. ಕಾಲು ಓಡುತ್ತಿದೆ, ಚಪ್ಪಲಿ ನಿಂತಿದೆ. ಶಟರ್." ಇಷ್ಟೇ ಸಾಕು. "ಚೆನ್ನಾಗಿಲ್ಲ" ಅಂತ ಮಾತ್ರ ಬರೆಯಬೇಡಿ. ಕಾರಣ ಸಿಗದಿದ್ದರೆ ಆ ಫೋಟೋವನ್ನು ಅಳಿಸದೆ ಇಟ್ಟುಕೊಂಡು ಇನ್ನೊಂದು ವಾರ ಬಿಟ್ಟು ನೋಡಿ.

ಹತ್ತು ಪುಟ ತುಂಬಿದ ಮೇಲೆ ಒಮ್ಮೆ ಹಿಂದಕ್ಕೆ ತಿರುವಿ ಹಾಕಿ. ಒಂದೇ ತಪ್ಪು ಮತ್ತೆ ಮತ್ತೆ ಬಂದಿರುತ್ತದೆ. ಮುಂದಿನ ತಿಂಗಳು ಅದೊಂದನ್ನೇ ಹಿಡಿದು ತಿದ್ದಿ. ನನ್ನ ಕಳೆದ ತಿಂಗಳ ಪುಟಗಳಲ್ಲಿ ಏಳು ಕಡೆ "ಎಡಕ್ಕೆ ವಾಲಿದೆ" ಅಂತಿದೆ. ಕ್ಯಾಮೆರಾ ಪರದೆಯ ಮೇಲೆ ಗ್ರಿಡ್ ಗೆರೆಗಳನ್ನು ಆನ್ ಮಾಡಿಟ್ಟಿದ್ದೇನೆ. ಈ ತಿಂಗಳು ಬಾಗಿಲ ಚೌಕಟ್ಟು, ಕಂಬ, ಕೆರೆಯ ನೀರಿನ ಅಂಚು ಇವನ್ನೇ ತೆಗೆಯುತ್ತಿದ್ದೇನೆ.