ಬಾಡಿಗೆ ಸ್ಕೂಟರ್ ಪಾಸ್ ತಗೊಳ್ಳುವ ಮುಂಚೆ ಒಂದು ವಾರ ತಡೆಯಿರಿ

ಮೆಟ್ರೋ ಇಳಿದು ಆಫೀಸಿಗೆ ಹೋಗಲು ಬಾಡಿಗೆ ಎಲೆಕ್ಟ್ರಿಕ್ ಸ್ಕೂಟರ್ ಪಾಸ್ ತಗೊಳ್ಳುವವರಿಗೆ ಒಂದು ಮಾತು. ಇಂದಿರಾನಗರ ಸ್ಟೇಷನ್ನಿನಿಂದ ದೊಮ್ಮಲೂರಿಗೆ ನಾನು ಇದರಲ್ಲೇ ಹೋಗುತ್ತೇನೆ. ನಡುವೆ ಎರಡು ಸಲ ಬಿಟ್ಟಿದ್ದೆ. ದುಡ್ಡಿನ ವಿಷಯಕ್ಕಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಸ್ಟೇಷನ್ ಹತ್ತಿರ ಗಾಡಿಯೇ ಇರುತ್ತಿರಲಿಲ್ಲ, ಇದ್ದರೆ ಚಾರ್ಜ್ ಇರುತ್ತಿರಲಿಲ್ಲ. ನಾಲ್ಕು ದಿನ ಹೀಗಾದರೆ ಯಾರಿಗೆ ತಾನೇ ಬೇಸರ ಬರಲ್ಲ?

ಆದ್ದರಿಂದ ಮೊದಲು ಒಂದು ವಾರ ಸುಮ್ನೆ ಆ್ಯಪ್ ತೆರೆದು ನೋಡಿ. ನೀವು ಇಳಿಯುವ ಹೊತ್ತಿಗೆ ಎಷ್ಟು ಗಾಡಿ ಇವೆ, ಆಫೀಸ್ ಹತ್ತಿರ ನಿಲ್ಲಿಸುವ ಜಾಗ ಎಲ್ಲಿದೆ ಎಂದು ಗಮನಿಸಿ. ನಿಲ್ಲಿಸಿ ಮತ್ತೆ ಹತ್ತು ನಿಮಿಷ ನಡೆಯಬೇಕು ಅಂದರೆ ಆಟೋನೇ ವಾಸಿ.

ಗಂಟೆಗೆ 25 ಕಿ.ಮೀ. ಮೀರದ, 250 ವ್ಯಾಟ್ ಒಳಗಿನ ಗಾಡಿಗೆ ಲೈಸೆನ್ಸ್ ಬೇಡ. ನಮ್ಮ ಅತ್ತಿಗೆ ಇದನ್ನು ಬಿಡದೆ ಓಡಿಸುವುದು ಅದಕ್ಕೇ. ಆದರೆ ಆ ವೇಗದಲ್ಲಿ ಫ್ಲೈಓವರ್ ಹತ್ತಬೇಡಿ, ಹಿಂದಿನ ಬಸ್ಸಿನ ಹಾರ್ನಿಗೇ ಅರ್ಧ ಜೀವ ಹೋಗುತ್ತದೆ. ಒಳರಸ್ತೆ ಹಿಡಿಯಿರಿ. ಲೈಸೆನ್ಸ್ ಬೇಡ ಅಂತ ಹೆಲ್ಮೆಟ್ ಬಿಡಬೇಡಿ.

ಹೊರಡುವ ಮುಂಚೆ ಬ್ರೇಕ್ ಒಮ್ಮೆ ಹಿಡಿದು ನೋಡಿ. ಇಳಿದ ಮೇಲೆ ಆ್ಯಪ್‌ನಲ್ಲಿ ಸವಾರಿ ಮುಗಿದಿದೆಯಾ ಅಂತ ನೋಡಿ, ಗಾಡಿಯ ಒಂದು ಫೋಟೋ ತೆಗೆಯಿರಿ. ನಾನು ಒಂದು ದಿನ ಫೋಟೋ ತೆಗೆದೆ, ಆದರೆ ಸವಾರಿ ಮುಗಿದಿದೆಯಾ ಅಂತ ನೋಡೋದು ಮರೆತೆ. ಸಂಜೆವರೆಗೂ ಮೀಟರ್ ಓಡುತ್ತಲೇ ಇತ್ತು! ಫೋಟೋ ಇದ್ದಿದ್ದಕ್ಕೆ ದುಡ್ಡು ವಾಪಸ್ ಬಂತು.