ವಿ.ಆರ್. ವಿಡಿಯೊ: ಸದ್ದಿಗೂ ದಿಕ್ಕು ಬೇಕು

ಕೆ.ಆರ್. ಮಾರ್ಕೆಟ್ಟಿನಲ್ಲಿ ತೆಗೆದ ವಿ.ಆರ್. (ವರ್ಚುವಲ್ ರಿಯಾಲಿಟಿ), ಅಂದರೆ ಸುತ್ತಲೂ ತಿರುಗಿ ನೋಡಬಹುದಾದ 360 ಡಿಗ್ರಿ ವಿಡಿಯೊಗಳನ್ನು ನೋಡುತ್ತಿರುತ್ತೇನೆ. ಚಿತ್ರ ಚೆನ್ನಾಗಿರುತ್ತದೆ. ಆದರೆ ಮಲ್ಲಿಗೆ ಮಾರುವ ಅಮ್ಮ ಎದುರಿಗೇ ಕೂತಿದ್ದರೂ ಅವರ ಕೂಗು ಎಡಗಡೆಯಿಂದ ಕೇಳಿಸುತ್ತದೆ! ಕಣ್ಣಿಗೆ ಹಾಕಿಕೊಳ್ಳುವ ವಿ.ಆರ್. ಹೆಡ್‌ಸೆಟ್ಟಿನಲ್ಲಿ ಒಂದು ಸಲಕ್ಕೆ ಕಾಣುವುದು ಒಂದು ಭಾಗ ಮಾತ್ರ. ಬೆನ್ನ ಹಿಂದೆ ತಳ್ಳುಗಾಡಿ ಬರ್ತಿದೆ ಅಂತ ಹೇಳಬೇಕಾದ್ದು ಕಿವಿಯೇ ಅಲ್ವಾ? ಬಲಗಡೆಯ ಸದ್ದು ಎಡಗಿವಿಗೆ ತಲುಪುವಾಗ ಆಗುವ ತಡ ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಇಲ್ಲ. ಅಷ್ಟರಲ್ಲೇ ಮಿದುಳು ದಿಕ್ಕು ಹಿಡಿಯುತ್ತದೆ.

ಮೊದಲು ಮೈಕ್. ಫೋನಿನ ಮೈಕ್ ಸಾಲದು. ನಾಲ್ಕು ದಿಕ್ಕಿಗೆ ಮುಖ ಮಾಡಿದ ನಾಲ್ಕು ಪುಟ್ಟ ಮೈಕುಗಳು ಒಟ್ಟಿಗಿರುವ ಆಂಬಿಸೋನಿಕ್ ರೆಕಾರ್ಡರ್ ತನ್ನಿ. ಗಾಳಿಗೆ ತುಪ್ಪಳದ ಕವರ್ ಹಾಕಿ.

ಎರಡನೆಯದು ಜೋಡಿಸುವುದು. ಮೈಕ್ ಕ್ಯಾಮೆರಾದ ನೇರ ಕೆಳಗೆ, ಅದೇ ಟ್ರೈಪಾಡಿನಲ್ಲಿರಲಿ. ಎರಡರ ಮುಂಭಾಗವೂ ಒಂದೇ ಕಡೆಗಿರಲಿ. ರೆಕಾರ್ಡಿಂಗ್ ಶುರುವಾದ ಮೇಲೆ ಸುತ್ತ ನಡೆಯುತ್ತಾ ‘ಮುಂದೆ’, ‘ಎಡಕ್ಕೆ’, ‘ಹಿಂದೆ’, ‘ಬಲಕ್ಕೆ’ ಎಂದು ಜೋರಾಗಿ ಹೇಳಿ, ಪ್ರತಿ ಕಡೆಯೂ ಒಂದೊಂದು ಚಪ್ಪಾಳೆ ತಟ್ಟಿ. ಜನ ನೋಡ್ತಾರೆ ಅಂತ ಇದನ್ನು ಬಿಡಲೇಬೇಡಿ.

ಜಾಸ್ತಿ ಜನ ಎಡವುವುದು ಮೂರನೆಯದರಲ್ಲಿ, ಅಂದರೆ ಚಾನೆಲ್‌ಗಳ (ಫೈಲಿನೊಳಗಿನ ಸದ್ದಿನ ಪದರಗಳ) ಕ್ರಮದಲ್ಲಿ. 1970ರ ದಶಕದಲ್ಲಿ ಬ್ರಿಟನ್ನಿನ ಮೈಕೆಲ್ ಗೆರ್ಜನ್ ಮತ್ತಿತರರು ರೂಪಿಸಿದ ಈ ಆಂಬಿಸೋನಿಕ್ ವಿಧಾನದಲ್ಲಿ ಕನಿಷ್ಠ 4 ಚಾನೆಲ್‌ಗಳು: ಡಬ್ಲ್ಯೂ ಎಂದರೆ ಒಟ್ಟು ಸದ್ದು, ಎಕ್ಸ್ ಹಿಂದು-ಮುಂದು, ವೈ ಎಡ-ಬಲ, ಝಡ್ ಮೇಲೆ-ಕೆಳಗೆ. ಹಳೆಯ ಫ್ಯುಮಾ ಕ್ರಮ ಡಬ್ಲ್ಯೂ, ಎಕ್ಸ್, ವೈ, ಝಡ್. ಯೂಟ್ಯೂಬ್ ಕೇಳುವ ಆಂಬಿಕ್ಸ್ ಕ್ರಮ ಡಬ್ಲ್ಯೂ, ವೈ, ಝಡ್, ಎಕ್ಸ್. ಫ್ಯುಮಾ ಫೈಲನ್ನು ಹಾಗೇ ಏರಿಸಿದರೆ ಎದುರಿನ ಸದ್ದು ಎಡಕ್ಕೆ ಹೋಗುತ್ತದೆ, ಎಡದ್ದು ತಲೆಯ ಮೇಲಿಂದ ಬರುತ್ತದೆ. ಎಡಿಟಿಂಗಿನಲ್ಲಿ ನಿಮ್ಮ ‘ಮುಂದೆ’ ಚಪ್ಪಾಳೆ ಕೇಳಿ ನೋಡಿ, ತಪ್ಪು ತಕ್ಷಣ ಗೊತ್ತಾಗುತ್ತದೆ. ಕ್ರಮ ಬದಲಿಸುವ ಪ್ಲಗಿನ್‌ಗಳು ಪುಕ್ಕಟೆ ಸಿಗುತ್ತವೆ.

‘8ಡಿ ಆಡಿಯೊ’ ಆ್ಯಪ್‌ಗಳ ಸಹವಾಸ ಬೇಡ. ಅವು ಸದ್ದನ್ನು ಸುಮ್ನೆ ಸುತ್ತಿಸುತ್ತವೆ. ನೀವು ಕತ್ತು ತಿರುಗಿಸಿದರೂ ಸದ್ದು ಇದ್ದ ಜಾಗದಲ್ಲೇ ನಿಲ್ಲಬೇಕು, ಅದು ಅವುಗಳಿಂದ ಆಗದು. ಹಿನ್ನೆಲೆ ಸಂಗೀತವೂ ಬೇಡ. ಮಾರ್ಕೆಟ್ಟಿನ ಗದ್ದಲಕ್ಕಿಂತ ಒಳ್ಳೆಯದು ಏನಿದೆ?

ಕೊನೆಗೆ, 360 ಡಿಗ್ರಿ ಮತ್ತು ಸದ್ದಿನ ಮೆಟಾಡೇಟಾ (ಇದು ಸುತ್ತಲೂ ಕಾಣುವ ವಿಡಿಯೊ, ಸದ್ದಿಗೂ ದಿಕ್ಕಿದೆ ಎಂದು ಯೂಟ್ಯೂಬಿಗೆ ಹೇಳುವ ಗುರುತು) ಸೇರಿಸಿ ಅಪ್‌ಲೋಡ್ ಮಾಡಿ. ವೈರ್ ಇರುವ ಹೆಡ್‌ಫೋನಿನಲ್ಲೇ ಪರೀಕ್ಷಿಸಿ, ಬ್ಲೂಟೂತಿನಲ್ಲಿ ಸದ್ದು ಚಿತ್ರಕ್ಕಿಂತ ತಡವಾಗಿ ಬರುತ್ತದೆ. ಏರಿಸಿದ ತಕ್ಷಣ ದಿಕ್ಕು ಕೇಳಿಸದಿದ್ದರೆ ಗಾಬರಿಯಾಗಿ ಡಿಲೀಟ್ ಮಾಡಬೇಡಿ. ಯೂಟ್ಯೂಬ್ ಅದನ್ನು ಸಿದ್ಧಪಡಿಸಲು ಸ್ವಲ್ಪ ಹೊತ್ತು ಬೇಕು.